ಡೀನಾ ಬಿಟ್ಟುಹೋದ ಸನ್ನೆ

ವರ್ನಾ ಸ್ಟೆಕ್ ತೀರಿಕೊಂಡಾಗ ಫೆಲ್ಟನ್ ಊರಿನ ಪತ್ರಿಕೆ ಅವಳ ಬಗ್ಗೆ ಮೂರು ಸಾಲು ಬರೆಯಿತು. ಕಿವುಡರ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಮದುವೆಯಾಗಿರಲಿಲ್ಲ. ಹಿಂದೆ ಯಾರೂ ಉಳಿದಿಲ್ಲ.

ಮೂರನೆಯ ಸಾಲು ಶುದ್ಧ ಸುಳ್ಳು. ಮಿಸೌರಿ ನದಿಯ ಎರಡೂ ದಂಡೆಯ ಊರುಗಳಲ್ಲಿ ಅವಳು ಕಲಿಸಿದ ಮಕ್ಕಳು ಇದ್ದರು, ಅವರಿಗೂ ಮಕ್ಕಳಾಗಿದ್ದವು. ಪತ್ರಿಕೆಯ ಕಚೇರಿಗೆ ಫೋನ್ ಮಾಡಿ ಹೇಳುವ ಮಕ್ಕಳಲ್ಲ, ಅಷ್ಟೆ. ಆ ಮೂರು ಸಾಲನ್ನು ಅಚ್ಚಿಗೆ ಏರಿಸಿದವನೇ ಅವಳ ಶಿಷ್ಯ ಲೈಲ್. ಯಂತ್ರಗಳ ಗದ್ದಲ ಕಿವುಡನಿಗೆ ತೊಂದರೆ ಕೊಡುವುದಿಲ್ಲ ಎಂದು ಕೆಲಸ ಕೊಟ್ಟಿದ್ದ ಅಚ್ಚುಮನೆ ಅದು. ಕಿವುಡನಿಗೆ ಹೇಳುವುದೂ ಏನಾದರೂ ಇದ್ದೀತು ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ವರ್ನಾ ಹುಟ್ಟಿದ್ದು ಜೋಳದ ಹೊಲಗಳ ನಡುವಿನ ಮನೆಯಲ್ಲಿ. ಎರಡು ವರ್ಷಕ್ಕೆ ಬಂದ ಜ್ವರ ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಆರು ತುಂಬಿದ ಮೇಲೆ ಅಪ್ಪ ಅವಳನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಬಂದು ಶಾಲೆಯ ಮೆಟ್ಟಿಲ ಮೇಲೆ ಇಳಿಸಿ ಹೋದ. ಎಲ್ಲಿಗೆ, ಯಾಕೆ, ಎಷ್ಟು ದಿನ ಎಂದು ಹೇಳಲು ಅವನ ಬಳಿ ಮಾತಿರಲಿಲ್ಲ, ಕೇಳಲು ಅವಳ ಬಳಿ ಇರಲಿಲ್ಲ.

ಆ ಕಾಲದಲ್ಲಿ ಕಿವುಡರ ಶಾಲೆಯಲ್ಲೇ ಕೈಮಾತಿಗೆ ನಿಷೇಧ. ಮಕ್ಕಳನ್ನು ಅವರವರ ಕೈಗಳ ಮೇಲೆ ಕೂರಿಸುತ್ತಿದ್ದರು. ತುಟಿಯ ಮುಂದೆ ಕಾಗದದ ಚೂರು ಹಿಡಿದು 'ಪ' ಅನ್ನಿಸುವುದು, ಕಾಗದ ಅಲುಗದಿದ್ದರೆ ಗೆಣ್ಣಿಗೆ ರೂಲುದೊಣ್ಣೆಯ ಏಟು. ಕುರುಡನ ಕೈಯ ಕೋಲು ಕಿತ್ತುಕೊಂಡು, ಕಣ್ಣು ಬಿಟ್ಟುಕೊಂಡು ನಡೆಯಯ್ಯಾ ಎಂದ ಹಾಗೆ. ಹೀಗೆ ಹೊಡೆದವರೆಲ್ಲ ದೊಡ್ಡ ಓದು ಓದಿದವರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಮಕ್ಕಳು ಮಾತಾಡಿದ್ದು ಬಚ್ಚಲಮನೆಯಲ್ಲಿ, ಒಬ್ಬರು ಬಾಗಿಲು ಕಾಯುತ್ತ. ವರ್ನಾ ತನ್ನ ಭಾಷೆಯನ್ನು ಕಲಿತದ್ದು ಅಲ್ಲಿ, ಕದ್ದು.

ಏಟಿನ ಫಲವಾಗಿ ಅವಳಿಗೆ ಒಂದು ಧ್ವನಿಯೂ ಬಂತು. ಅದನ್ನು ನಂಬಿಕೊಂಡು ಒಂದು ದಿನ ಊರಿನ ಅಂಗಡಿಗೆ ಹೋಗಿ ಬೆಣ್ಣೆ ಕೇಳಿದಳು. ಅಂಗಡಿಯವಳು ಬೆಚ್ಚಿ, ಪಕ್ಕದವಳ ಮುಖ ನೋಡಿ, ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ವರ್ನಾಗೆ ನಗು ಕೇಳಿಸಲಿಲ್ಲ, ಭುಜಗಳು ಕುಣಿದದ್ದು ಕಂಡಿತು. ಅಂದಿನಿಂದ ಅವಳು ಗಂಟಲಿಗೆ ಬೀಗ ಜಡಿದಳು. ಬೆಣ್ಣೆ ಬೇಕಾದರೆ ಬೆಣ್ಣೆಯತ್ತ ಬೆರಳು ತೋರಿಸುವುದು.

ಅದೇ ಶಾಲೆಗೆ ಟೀಚರಾಗಿ ಮರಳುವ ಹೊತ್ತಿಗೆ ಕಾಲ ಸ್ವಲ್ಪ ತಿರುಗಿತ್ತು, ರೂಲುದೊಣ್ಣೆ ಕಪಾಟು ಸೇರಿತ್ತು. ಆದರೆ ವಿಜ್ಞಾನದ ಪದಗಳಿಗೆ ಸನ್ನೆಗಳೇ ಇರಲಿಲ್ಲ. ಕೈಮಾತಿನ ಜನರಲ್ಲಿ ಹೊಸ ಸನ್ನೆಯನ್ನು ಯಾರೂ ಯಾರ ಮೇಲೂ ಹೊರಿಸುವ ಹಾಗಿಲ್ಲ. ಒಬ್ಬರು ಮುಂದಿಡಬೇಕು, ಉಳಿದವರ ಕೈ ಒಪ್ಪಬೇಕು. ಒಪ್ಪದಿದ್ದರೆ ಅದು ಬಾಗಿಲಲ್ಲೇ ಸಾಯುತ್ತದೆ. ವರ್ನಾ ತನ್ನ ತರಗತಿಯಲ್ಲಿ ಈ ಕಟ್ಟಳೆಯನ್ನು ಕಟ್ಟುನಿಟ್ಟಾಗಿ ಪಾಲಿಸಿದಳು. ಹೊಸ ಪದ ಬಂದರೆ ಮಕ್ಕಳು ಜಗಳವಾಡಲಿ, ಹಾಸ್ಟೆಲಿಗೆ ಒಯ್ದು ಉಪಯೋಗಿಸಿ ನೋಡಲಿ, ಕೈಯಲ್ಲಿ ಉಳಿದದ್ದು ಉಳಿಯಲಿ. ಹಾಗೆ ಉಳಿದ ಪ್ರತಿ ಸನ್ನೆಯನ್ನೂ ಯಾವ ಮಗು ಮಾಡಿದ್ದೆಂದು ಅವಳು ಹೇಳಬಲ್ಲವಳಾಗಿದ್ದಳು. ಅವುಗಳಲ್ಲಿ ಒಂದು, ಒಂದೇ ಒಂದು, ಅದನ್ನು ಕಟ್ಟಿದ ಹುಡುಗಿ ಮಾಡಿದ ಹಾಗೆಯೇ ಉಳಿಯಬೇಕು ಎಂಬುದು ಕೊನೆಯವರೆಗೂ ಅವಳ ಹಟವಾಗಿತ್ತು.

ಆ ಪದ ಅಬಯೋಜೆನೆಸಿಸ್. ಜೀವವೇ ಇಲ್ಲದ ನೀರು, ಮಣ್ಣು, ಗಾಳಿಗಳಿಂದ ಭೂಮಿಯ ಮೇಲೆ ಮೊಟ್ಟಮೊದಲ ಜೀವ ಮೂಡಿದ್ದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು. ವರ್ನಾ ಅದನ್ನು ಬೆರಳಿನಲ್ಲಿ ಅಕ್ಷರ ಅಕ್ಷರವಾಗಿ ಬರೆದು ತೋರಿಸಿದಳು.

"ಏನ್ ಟೀಚರ್, ಇಷ್ಟುದ್ದ!" ಲೈಲ್ ಎದ್ದು ನಿಂತ. ತರಗತಿಯ ಕೋತಿ ಅವನು. "ಬರೆದು ಮುಗಿಸೋ ಹೊತ್ತಿಗೆ ಬೆರಳಿಗೆ ಗಡ್ಡ ಬರುತ್ತೆ."

"ನಿನ್ನ ಮುಖಕ್ಕೇ ಇನ್ನೂ ಬಂದಿಲ್ಲ, ಬೆರಳಿಗೆ ಎಲ್ಲಿಂದ ಬಂತು? ಕೂತ್ಕೊಂಡು ಸನ್ನೆ ಯೋಚ್ನೆ ಮಾಡು."

ಲೈಲ್ ಒಂದು ಅಂಗೈಯನ್ನು ಕೊಳೆತ ಮಾಂಸ ಮಾಡಿದ, ಇನ್ನೊಂದು ಕೈಯ ಬೆರಳುಗಳನ್ನು ಅದರಲ್ಲಿ ಮಿಜಿಗುಟ್ಟುವ ಹುಳ ಮಾಡಿದ. ಹುಡುಗಿಯರು ಮುಖ ಮುಚ್ಚಿಕೊಂಡರು.

"ಅದು ಹಳೇ ಕಾಲದವರ ತಪ್ಪು ಕಣೋ," ಎಂದಳು ವರ್ನಾ. "ಕೊಳೆತ ಮಾಂಸದಲ್ಲಿ ಹುಳ ತಾನಾಗೇ ಹುಟ್ಟುತ್ತೆ ಅಂತ ನಂಬ್ಕೊಂಡಿದ್ರು. ನೊಣ ಬಂದು ಮೊಟ್ಟೆ ಇಟ್ಟು ಹೋಗಿರುತ್ತೆ. ಈಗಿನ ಜೀವ ಎಲ್ಲಾ ಜೀವದಿಂದಾನೇ ಬರೋದು. ನಾನು ಕೇಳ್ತಿರೋದು ಎಲ್ಲಕ್ಕಿಂತ ಮೊದಲನೇದು."

ಇನ್ನೊಬ್ಬಳು ಎರಡೂ ಕೈಗಳನ್ನು ಹೊಟ್ಟೆಯ ಮುಂದಿನಿಂದ ಹೊರಗೆ ತಂದು ಹೆರಿಗೆಯ ಸನ್ನೆ ಮಾಡಿದಳು. ತಾಯಿಯೇ ಇರಲಿಲ್ಲವಲ್ಲ ಎಂದು ಅದೂ ಬಿತ್ತು. ಆಗ ಲೈಲ್ ಎರಡು ಅಂಗೈಗಳನ್ನು ಮುಂದೆ ಚಾಚಿದ. ಕೈಮಾತಿನಲ್ಲಿ ಸಾವೆಂದರೆ ಅಂಗೈಗಳು ಮಗುಚಿಕೊಳ್ಳುವುದು. ಅವನು ಮಗುಚಿದ್ದನ್ನು ತಿರುಗಿ ಮಗುಚಿದ. "ಸತ್ತಿದ್ದು ಎದ್ದು ಬಂತು. ಮುಗೀತು. ಊಟಕ್ಕೆ ಹೋಗೋಣ."

ಎಲ್ಲರ ತಲೆ ಆಡಿತು. ಒಬ್ಬಳದು ಮಾತ್ರ ಆಡಲಿಲ್ಲ. ಡೀನಾ ಹ್ರಬಾಕ್, ಹದಿನೈದರ ಹುಡುಗಿ, ಮುಂಬಲ್ಲುಗಳ ನಡುವೆ ಸಂದು, ಯಾವಾಗಲೂ ಜಡೆಯ ತುದಿ ಎಳೆದುಕೊಳ್ಳುವ ಚಾಳಿ. ಜಡೆಯ ತುದಿ ಎಳೆಯುವುದೇ ಶಾಲೆಯಲ್ಲಿ ಅವಳ ಹೆಸರಾಗಿತ್ತು. ಅವಳು ಡೆಸ್ಕನ್ನು ಗುದ್ದಿದಳು.

"ತಪ್ಪು. ಸಾಯಬೇಕು ಅಂದ್ರೆ ಮೊದಲು ಬದುಕಿರಬೇಕು. ಕಲ್ಲು ಸತ್ತಿದ್ಯಾ? ನೀರು ಸತ್ತಿದ್ಯಾ? ಸತ್ತದ್ದು ಬೇರೆ, ಬದುಕೇ ಕಾಣದೆ ಇದ್ದದ್ದು ಬೇರೆ."

"ಹಾಗಾದ್ರೆ ನೀನೇ ಮಾಡೇ, ದೊಡ್ಡ ಪಂಡಿತೆ!"

ಡೀನಾ ಎಡಗೈಯನ್ನು ಎದೆಯ ಮುಂದೆ ಮಟ್ಟಸವಾಗಿ ಚಾಚಿದಳು. ಅಂಗೈ ಕೆಳಗೆ, ನೀರಿನ ಮೇಲ್ಮೈಯಂತೆ. ಬಲಗೈಯನ್ನು ಅದರ ಮೇಲೆ ಮೆಲ್ಲಗೆ ಮಲಗಿಸಿದಳು. ಆಮೇಲೆ ಏನೂ ಮಾಡಲಿಲ್ಲ. ಸುಮ್ಮನೆ ನಿಂತಳು. ನೋಡುವವರಿಗೆ ಇರುಸುಮುರುಸಾಗಿ, ಒಬ್ಬಿಬ್ಬರು ಕಿಟಕಿಯತ್ತ ನೋಡುವ ಹೊತ್ತಿಗೆ, ಬಲಗೈಯ ಒಂದೇ ಬೆರಳು, ಅವಳ ಅಪ್ಪಣೆಯನ್ನೇ ಕೇಳದಂತೆ, ಒಮ್ಮೆ ಅಲುಗಿತು.

"ಅಷ್ಟೊತ್ತು ಯಾಕೆ ನಿಲ್ಲಿಸ್ದೆ?" ಲೈಲ್ ರೇಗಿದ.

"ಕೋಟ್ಯಂತರ ವರ್ಷ ಕಣೋ! ಭೂಮಿ ಕಾದಿದೆ, ನಿನಗೆ ಊಟಕ್ಕೆ ಕರೆಯೋ ದೀಪ ಮಿನುಗೋವರೆಗೂ ತಡೆಯಕ್ಕಾಗಲ್ವಾ?"

"ಹೇಗಾಯ್ತು ಅಂತ ಗೊತ್ತಾ ಟೀಚರ್?" ಎಂದು ಅವಳೇ ಕೇಳಿದಳು.

"ಇಲ್ಲ. ಒಂದು ಕಾಲದಲ್ಲಿ ಜೀವ ಇರಲಿಲ್ಲ, ಆಮೇಲೆ ಇತ್ತು, ಅಷ್ಟು ಗೊತ್ತು. ನಡುವೆ ಏನಾಯ್ತು ಅಂತ ದೊಡ್ಡ ದೊಡ್ಡೋರೆಲ್ಲ ಇನ್ನೂ ಹುಡುಕ್ತಾ ಇದಾರೆ. ಆ ನಡುವಿನದಕ್ಕೇ ಈ ಹೆಸರು."

"ಹಾಗಿದ್ರೆ ಗೊತ್ತಿಲ್ಲ ಅನ್ನೋದೂ ಸನ್ನೆಯಲ್ಲಿರಬೇಕು." ಅವಳು ಇನ್ನೊಮ್ಮೆ ಮಾಡಿದಳು. ಬೆರಳು ಅಲುಗಿದ ಗಳಿಗೆಯಲ್ಲೇ ಹುಬ್ಬುಗಳನ್ನು ಗಂಟು ಹಾಕಿದಳು. ಕೈಮಾತಿನಲ್ಲಿ 'ಹೇಗೆ', 'ಯಾಕೆ' ಎಂದು ಕೇಳುವುದು ಹುಬ್ಬಿನಿಂದ.

ಸಂಜೆಯ ಊಟದ ಹೊತ್ತಿಗೆ ಆ ಸನ್ನೆ ಎಲ್ಲರ ಕೈಗೂ ಏರಿತ್ತು. ಲೈಲ್ ಕೂಡ, ಬಟಾಣಿ ಬಡಿಸುವಾಕೆಯ ಮುಂದೆ ತಟ್ಟೆ ಇಟ್ಟು, ಕೈ ಮಲಗಿಸಿ, ಬಹಳ ಹೊತ್ತು ನಿಂತು, ಒಂದು ಬೆರಳು ಅಲುಗಿಸಿ ಹುಬ್ಬು ಗಂಟಿಕ್ಕಿದ. ಇದರಲ್ಲಿ ಮಾಂಸ ಯಾವಾಗ ಮೂಡುತ್ತದೆ ಎಂದು.

ಡಿಸೆಂಬರಿನಲ್ಲಿ ಮಕ್ಕಳು ಕ್ರಿಸ್‌ಮಸ್ ರಜೆಗೆ ಮನೆಗೆ ಹೋದರು.

ಡೀನಾಳ ಮನೆಯಲ್ಲಿ ಕೈಮಾತು ಯಾರಿಗೂ ಬರುತ್ತಿರಲಿಲ್ಲ. ಅದು ಅವಳ ತಾಯಿ ಆರ್ಡಿಸಳ ಉದಾಸೀನವಲ್ಲ, ವಿಧೇಯತೆ. ಮಗು ಎರಡು ವರ್ಷದ್ದಿದ್ದಾಗ ತಜ್ಞನೊಬ್ಬ ಬೆರಳೆತ್ತಿ ಎಚ್ಚರಿಸಿದ್ದ: ಸನ್ನೆ ಕಲಿಸಬೇಡಿ, ಕಲಿಸಿದರೆ ಬಾಯಿ ಬರುವುದಿಲ್ಲ. ದೇವರ ಮಾತಿಗಾದರೂ ಎದುರಾಡಿಯಾರು, ಬಿಳಿ ಕೋಟಿನವನ ಮಾತಿಗೆ ಎದುರಾಡುವವರುಂಟೇ? ಊಟದ ಮೇಜಿನಲ್ಲಿ ಎಲ್ಲರೂ ನಕ್ಕಾಗ ಹುಡುಗಿ ತಾಯಿಯ ತೋಳು ಎಳೆಯುತ್ತಿದ್ದಳು. ತಾಯಿಯ ತುಟಿ 'ಆಮೇಲೆ ಹೇಳ್ತೀನಿ' ಎನ್ನುತ್ತಿತ್ತು. ಆ 'ಆಮೇಲೆ' ಯಾವ ಕಿವುಡ ಮಗುವಿನ ಮನೆಗೂ ಇದುವರೆಗೆ ಬಂದಿಲ್ಲ.

ರಜೆಯಲ್ಲಿ ಹುಡುಗಿಗೆ ಹೊಟ್ಟೆ ನೋವು ಬಂತು. ಗಸಗಸೆ ತುಂಬಿದ ಕೊಲಾಚೆ ಬನ್ನುಗಳನ್ನು ಜಾಸ್ತಿ ತಿಂದಿದ್ದಾಳೆ ಎಂದುಕೊಂಡರು. ಜ್ವರ ಏರಿದ ಮೇಲೆ ಹಿಮದಲ್ಲಿ ಆಸ್ಪತ್ರೆಗೆ ಒಯ್ದರು. ಅಲ್ಲಿ ಡಾಕ್ಟರು ತಾಯಿಯನ್ನು ಕೇಳಿದ, ಎಲ್ಲಿ ನೋವು, ಎಂದಿನಿಂದ, ಎಂಥ ನೋವು. ತಾಯಿಗೆ ಏನು ಗೊತ್ತು? ಗೊತ್ತಿದ್ದವಳು ಹಾಸಿಗೆಯ ಮೇಲೆ ಎರಡೂ ಕೈಗಳಿಂದ ಹೇಳುತ್ತಲೇ ಇದ್ದಳು. ಹುಡುಗಿ ಜ್ವರದಲ್ಲಿ ಒದ್ದಾಡುತ್ತಿದ್ದಾಳೆ, ಸೂಜಿ ನಿಲ್ಲುವುದಿಲ್ಲ ಎಂದು ಅವರು ಅವಳ ಕೈಗಳನ್ನು ಮಂಚದ ಸರಳಿಗೆ ಪಟ್ಟಿಯಿಂದ ಕಟ್ಟಿದರು.

ಒದ್ದಾಡುತ್ತಿರಲಿಲ್ಲ ಅವಳು. ಮಾತಾಡುತ್ತಿದ್ದಳು. ನಿಮ್ಮ ಮಗು ನೋವಿನಲ್ಲಿ ಕೂಗಿದಾಗ ಯಾರಾದರೂ ಅದರ ಬಾಯಿಗೆ ಬಟ್ಟೆ ತುರುಕಿದರೆ ನೀವು ಪೊಲೀಸರನ್ನು ಕರೆಯುತ್ತೀರಿ. ಇದಕ್ಕೆ ಯಾರೂ ಯಾರನ್ನೂ ಕರೆಯಲಿಲ್ಲ. ಅಪೆಂಡಿಕ್ಸ್ ಎಂಬ ಕರುಳಿನ ಬಾಲ ಒಡೆದು ವಿಷ ಹರಡಿತ್ತೆಂದು ಅವರಿಗೆ ತಿಳಿಯುವಷ್ಟರಲ್ಲಿ ಕಟ್ಟಿದ ಕೈಗಳು ತಾವಾಗಿ ಸುಮ್ಮನಾಗಿದ್ದವು.

ಮಣ್ಣಿಗೆ ಶಾಲೆಯ ಮಕ್ಕಳು ಬಸ್ಸಿನಲ್ಲಿ ಹೋದರು. ಪಾದ್ರಿ ದೀರ್ಘವಾಗಿ ಮಾತಾಡಿದ. ಹಿಂದಿನ ಸಾಲಿನಲ್ಲಿ ನಿಂತ ಲೈಲ್ ವರ್ನಾಳ ಮೊಣಕೈ ತಟ್ಟಿದ. "ಏನಂತೆ ಟೀಚರ್? ಏನ್ ಹೇಳ್ತಿದಾನೆ ಡೀನಾ ಬಗ್ಗೆ?"

"ಗೊತ್ತಿಲ್ಲ ಕಣಪ್ಪ."

ಆರ್ಡಿಸ್ ಮುಂದಿನ ಸಾಲಿನಲ್ಲಿದ್ದಳು. ಅವಳು ಹಿಂದೆ ತಿರುಗಲಿಲ್ಲ, ಅದಾದ ಮೇಲೆ ಶಾಲೆಯ ಕಡೆಗೂ ಬರಲಿಲ್ಲ.

ವರ್ನಾ ಮಾತ್ರ ವರ್ಷ ವರ್ಷವೂ ಆ ಪಾಠಕ್ಕೆ ಬಂದಾಗ ಎಡಗೈ ಚಾಚಿ, ಬಲಗೈ ಮಲಗಿಸಿ, ನಿಲ್ಲುತ್ತಿದ್ದಳು. ಮಕ್ಕಳು ಚಡಪಡಿಸುತ್ತಿದ್ದರು. ಅವಳು ಬೆರಳು ಅಲುಗಿಸುವ ಮುನ್ನ ಒಂದು ಗಳಿಗೆ ಹೆಚ್ಚಾಗಿಯೇ ನಿಲ್ಲುತ್ತಿದ್ದಳೆಂದು ಕೆಲವರು ಹೇಳುತ್ತಾರೆ. ಆಮೇಲೆ ಜಡೆ ಎಳೆದು ತೋರಿಸುತ್ತಿದ್ದಳು: ಇದು ಮಾಡಿದವಳ ಹೆಸರು.

ಅವಳು ಮುದುಕಿಯಾಗುವ ಹೊತ್ತಿಗೆ ರಾಜಧಾನಿಯಿಂದ ಒಂದು ಸಮಿತಿ ಬಂತು. ವಿಜ್ಞಾನದ ಸನ್ನೆಗಳನ್ನೆಲ್ಲ ವಿಡಿಯೊದಲ್ಲಿ ಹಿಡಿದು ಕೋಶ ಮಾಡುವವರು. ಮುಖ್ಯಸ್ಥನಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ವರ್ನಾ ಡೀನಾಳ ಸನ್ನೆಯನ್ನು ಮಾಡಿ ತೋರಿಸಿದಾಗ ಅವನು ಅರ್ಧದಲ್ಲೇ ಗಡಿಯಾರ ನೋಡಿದ. ದುಭಾಷಿ ಅವನ ಮಾತನ್ನು ಕೈಗೆ ತಂದಳು: "ಚೆನ್ನಾಗಿದೆ, ಆದರೆ ನಿಧಾನ. ನಾವು ಇಂಗ್ಲಿಷ್ ಪದದ ಮೊದಲಕ್ಷರ 'ಎ'ಗೆ ಮುಷ್ಟಿ ಹಿಡಿದು ಹೆರಿಗೆಯ ಸನ್ನೆ ಇಟ್ಟಿದ್ದೇವೆ."

"ಹೆರೋಕೆ ತಾಯಿ ಬೇಕಲ್ಲ ಸ್ವಾಮಿ. ಆಗ ತಾಯಿ ಇರ್ಲಿಲ್ಲ, ಇದೇ ಈ ಪದದ ಅರ್ಥ."

"ಸಂದರ್ಭದಿಂದ ಮಕ್ಕಳು ತಿಳ್ಕೊತಾರೆ."

"ಆ ಮಕ್ಕಳು ಎಲ್ಲಿದಾರೆ? ಯಾರನ್ನ ಕೇಳಿದ್ರಿ?"

ಅವನು ನಕ್ಕ. ಕಾಫಿ ಕುಡಿದು ಹೊರಟ. ಹೊರಗೆ ಕಾದಿದ್ದ ಲೈಲ್, ಈಗ ತಲೆ ನೆರೆತವನು, ಎರಡು ಬೆರಳನ್ನು ಇನ್ನೆರಡರ ಮೇಲೆ ಜಾರಿಸಿ ದೂರ ಹಾರಿಸಿದ. ಕಿವುಡರ ಹಳೆಯ ಗಾದೆ, ಹೇಳಿದ್ದು ತಪ್ಪಿಹೋದವರಿಗೆ ಹೇಳುವುದು. "ರೈಲು ಹೋಯ್ತು ಟೀಚರ್."

ಹೋದದ್ದು ಅದೊಂದೇ ಅಲ್ಲ. ಖರ್ಚು ಜಾಸ್ತಿಯಾಯಿತೆಂದು ಸರ್ಕಾರ ಶಾಲೆಯನ್ನೇ ಮುಚ್ಚಿತು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಊರೂರಿನ ಶಾಲೆಗಳಿಗೆ ಹಂಚಿದರು, ಕಿವಿ ಕೇಳುವ ನೂರು ಮಕ್ಕಳ ನಡುವೆ ಒಂದು. ಒಂಟಿ ಕೈಗಳಲ್ಲಿ ಸನ್ನೆ ಹೇಗೆ ಉಳಿದೀತು? ಇದಕ್ಕೆ ಅವರು ಇಟ್ಟ ಹೆಸರು ಒಳಗೊಳ್ಳುವಿಕೆ.

ಕೊನೆಯ ದಿನಕ್ಕೆ ಹಳೆಯ ಮಕ್ಕಳನ್ನೂ ಹೆತ್ತವರನ್ನೂ ಕರೆದರು. ಆಮಂತ್ರಣ ಅಚ್ಚು ಮಾಡಿದವನು ಲೈಲ್. ಹ್ರಬಾಕ್ ಮನೆಗೆ ಹೋಗುವ ಪ್ರತಿಯ ಕೆಳಗೆ ಅವನು ಒಂದು ಸಾಲು ಕೈಯಲ್ಲಿ ಬರೆದಿದ್ದ: 'ನಿಮ್ಮ ಮಗಳು ಮಾಡಿದ ಒಂದು ಪದವನ್ನು ನಾವಿನ್ನೂ ಆಡುತ್ತೇವೆ.'

ಕಿವುಡರು ಎಲ್ಲೇ ಸೇರಲಿ, ಕೊನೆಗೆ ಕೂಡುವುದು ಅಡುಗೆಮನೆಯಲ್ಲಿ, ಅಲ್ಲಿ ಬೆಳಕು ಚೆನ್ನಾಗಿರುತ್ತದೆ. ಕಿವಿ ಕೇಳುವ ಹೆತ್ತವರು ಹೊರಗಿನ ಕೋಣೆಯಲ್ಲೇ ಉಳಿದಿದ್ದರು. ಶಾಲೆಯ ಅಡುಗೆಮನೆ ಹಳೆಯ ಮಕ್ಕಳಿಂದ ತುಂಬಿತ್ತು, ಹ್ಯಾಮಿನ ತಟ್ಟೆಗಳ ಮೇಲೆ ಕೈಗಳು ಹಾರಾಡುತ್ತಿದ್ದವು. ಬಾಗಿಲಲ್ಲಿ ಒಬ್ಬ ಮುದುಕಿ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ನಿಂತಳು. ಗಸಗಸೆಯ ಕೊಲಾಚೆ. ವರ್ನಾ ಗುರುತು ಹಿಡಿದಳು. ಆ ಮುಂಬಲ್ಲುಗಳ ಸಂದು ಎಲ್ಲಿಂದ ಬಂದಿತ್ತೆಂದು ಈಗ ತಿಳಿಯಿತು.

ಆರ್ಡಿಸ್ ತುಟಿಗಳನ್ನು ಅಗಲಿಸಿ ನಿಧಾನವಾಗಿ ಮಾತಾಡಿದಳು, ಎಂದೋ ಮಗಳೊಂದಿಗೆ ಮಾತಾಡಿದ ಹಾಗೆ. "ಮಿಸ್ ಸ್ಟೆಕ್. ಅವಳ ಪದ. ನಂಗೆ ತೋರಿಸ್ತೀರಾ?"

ವರ್ನಾ ಎಡಗೈ ಚಾಚಿದಳು. ಬಲಗೈ ಮಲಗಿಸಿದಳು. ನಿಂತಳು. ಬೆರಳು ಅಲುಗಿತು, ಹುಬ್ಬು ಗಂಟಾಯಿತು. ಆಮೇಲೆ ಒಂದು ಚೀಟಿಯಲ್ಲಿ ಅರ್ಥ ಬರೆದುಕೊಟ್ಟಳು: ಜೀವ ಇಲ್ಲದ್ದರಿಂದ ಜೀವ ಬರುವುದು.

ಆರ್ಡಿಸ್ ಓದಿದಳು, ಇನ್ನೊಮ್ಮೆ ಓದಿದಳು. ತಟ್ಟೆ ಕೆಳಗಿಟ್ಟು, ಎಲ್ಲರೆದುರು ತನ್ನ ಕೈಗಳನ್ನು ಎತ್ತಿದಳು. ಹಸು ಕರೆದು ಗಡುಸಾದ ಕೈಗಳು. ಎಡಗೈ ಚಾಚಿದಳು, ಬಲಗೈ ಮಲಗಿಸಿದಳು, ತಡೆಯಲಾರದೆ ಎರಡು ಅಂಗೈಗಳನ್ನೂ ಒಟ್ಟಿಗೆ ಮೇಲಕ್ಕೆ ಮಗುಚಿದಳು. ಮುಖ ಬೆಳಗಿತ್ತು. ತುಟಿ ಕೇಳಿತು: "ಅಂದ್ರೆ... ತಿರುಗಿ ಬರೋದು?"

ಗುಂಪಿನಲ್ಲಿದ್ದ ಕೈಗಳೆಲ್ಲ ನಿಂತವು. ಲೈಲ್ ಪಕ್ಕದಿಂದ, ಅವಳಿಗೆ ಕಾಣದಂತೆ, ಸೊಂಟದ ಬಳಿ ಕೈಯಾಡಿಸಿದ. "ಹೂಂ ಅಂದ್ಬಿಡಿ ಟೀಚರ್. ನಾನೂ ಅವತ್ತು ಹಾಗೇ ಅಂದಿದ್ದೆ. ಪಾಪ, ಮುದುಕಿ ಸಮಾಧಾನವಾಗಿ ಮನೆಗೆ ಹೋಗ್ಲಿ."

ತಲೆಯಾಡಿಸಿದ್ದರೆ ಆಗಿಹೋಗುತ್ತಿತ್ತು. ಕೋಶದಲ್ಲಿ ಇಲ್ಲದ, ಶಾಲೆಯೂ ಇಲ್ಲದ ಸನ್ನೆ, ತಪ್ಪಿದರೆ ಯಾರಿಗೇನು ನಷ್ಟ? ಆದರೆ ಡೀನಾ ಡೆಸ್ಕು ಗುದ್ದಿದ್ದು ಇದೊಂದಕ್ಕೇ. ಇಷ್ಟು ವರ್ಷದ ಮೇಲೆ ಈ ತಾಯಿ ಮಗಳ ಭಾಷೆಯಲ್ಲಿ ಒಂದೇ ಒಂದು ಮಾತು ಒಯ್ಯಲು ಬಂದಿದ್ದಾಳೆ. ಅದೂ ಮಗಳದಲ್ಲದ ಮಾತಾಗಿರಬೇಕೇ? ಇವಳಿಗೆ ಸುಳ್ಳು ಸಮಾಧಾನ ಹೇಳಿದ ತಜ್ಞರು ಸಾಲದಾಗಿತ್ತೇ?

ಚೀಟಿಯಲ್ಲಿ ಬರೆಯಲು ವರ್ನಾಳ ಕೈ ಬರಲಿಲ್ಲ. ಅಂಗಡಿಯ ಬೆಣ್ಣೆಯ ದಿನದಿಂದ ಬೀಗ ಬಿದ್ದಿದ್ದ ಗಂಟಲನ್ನು ಅವಳು ತೆರೆದಳು.

"ಇಲ್ಲ," ಎಂದಳು, ಬಾಯಿಯಿಂದ. "ತಿರುಗಿ ಬರಲ್ಲ. ಸತ್ತದ್ದು ಬೇರೆ. ಇದು... ಮೊದಲ ಸಲ."

ತುಂಬಿದ ಆ ಅಡುಗೆಮನೆಯಲ್ಲಿ ಅದು ಕೇಳಿಸಿದ್ದು ಒಬ್ಬಳಿಗೇ. ಹೇಗಿತ್ತೋ ಆ ಸದ್ದು, ವರ್ನಾಗೂ ಗೊತ್ತಿಲ್ಲ. ಆರ್ಡಿಸ್ ನಗಲಿಲ್ಲ. ಅವಳ ಮುಖದ ಬೆಳಕು ಆರಿತು, ಬಾಯಿ ಸೊಟ್ಟಗಾಯಿತು. ಭುಜಗಳು ಕುಣಿದವು, ಆದರೆ ಇದು ಬೇರೆ ಕುಣಿತ.

ಅವಳು ಹೊರಟುಹೋಗುತ್ತಾಳೆ ಎಂದುಕೊಂಡಳು ವರ್ನಾ. ಹೋಗಲಿಲ್ಲ. ಮೂಗು ಒರೆಸಿಕೊಂಡು, ಎಡಗೈಯನ್ನು ಮತ್ತೆ ಚಾಚಿದಳು.

ವರ್ನಾ ಅವಳ ಬಲಗೈಯನ್ನು ತೆಗೆದು ಅದರ ಮೇಲೆ ಮಲಗಿಸಿದಳು, ಮಗುಚದಂತೆ ತನ್ನ ಕೈ ಮೇಲಿಟ್ಟು ಹಿಡಿದಳು. ಕಾಯಬೇಕು. ಗಡುಸಾದ ಆ ಕೈ ನಡುಗುತ್ತಿತ್ತು, ಸುಮ್ಮನಾಗಲು ಬಹಳ ಹೊತ್ತು ಹಿಡಿಯಿತು. ಯಾರೂ ಕಿಟಕಿಯತ್ತ ನೋಡಲಿಲ್ಲ. ಕೊನೆಗೊಮ್ಮೆ ನಡುಕ ನಿಂತಿತು. ವರ್ನಾ ತನ್ನ ಕೈ ತೆಗೆದಳು.

ತಾಯಿಯ ಒಂದು ಬೆರಳು ಅಲುಗಿತು.

ಹುಬ್ಬು ಗಂಟಿಕ್ಕುವುದನ್ನು ಅವಳಿಗೆ ಕಲಿಸಬೇಕಾಗಿ ಬರಲಿಲ್ಲ. ಆಸ್ಪತ್ರೆಯ ಆ ಮಂಚದ ಪಕ್ಕದಿಂದಲೂ ಅದು ಆ ಮುಖದ ಮೇಲೆ ಹಾಗೆಯೇ ಇತ್ತು.